ಮಂಗಳನ ಸೀಟಿನಿಂದ ನನ್ನ ಟವೆಲು ತೆಗೆದವರಿಗೆ

ಮಂಗಳಗ್ರಹ ಪ್ರಯಾಣದ ತಾಲೀಮಿಗೆ ಜನರನ್ನು ಆರಿಸುವ ಮಾನ್ಯ ಅಧಿಕಾರಿಗಳೇ,

ಕಳೆದ ವಾರ ಹಾಸನದಲ್ಲಿ ನೀವು ನನ್ನ ಟವೆಲನ್ನು ಎರಡೇ ಬೆರಳಲ್ಲಿ ಎತ್ತಿ ಹೊರಗಿಟ್ಟಿರಿ. ಇದು ಕ್ಷಮಿಸುವ ಮಾತಲ್ಲ.

ಪತ್ರಿಕೆಯ ಓದುಗರಿಗೆ ಹಿನ್ನೆಲೆ ತಿಳಿಸಿಬಿಡುತ್ತೇನೆ. ಮಂಗಳಕ್ಕೆ ಹೊರಟ ಮನುಷ್ಯರು ದಾರಿಯಲ್ಲಿ ಹೇಗಿರುತ್ತಾರೆಂದು ತಿಳಿಯಲು ನಾಲ್ವರನ್ನು ನೌಕೆಯಂಥ ಕೊಠಡಿಯಲ್ಲಿ ಎಂಟು ತಿಂಗಳು ಕೂಡಿಹಾಕುವ ತಾಲೀಮು ಇದು. ಇಂದಿನ ರಾಕೆಟ್ಟಿಗೆ ಅಲ್ಲಿ ತಲುಪಲು ಹೆಚ್ಚುಕಡಿಮೆ ಅಷ್ಟೇ ಕಾಲ ಬೇಕು. ಆಸಕ್ತರು ಖುದ್ದಾಗಿ ಬನ್ನಿ ಎಂದು ನೀವೇ ಪ್ರಕಟಣೆ ಹೊರಡಿಸಿದಿರಿ. ಹೊಳೆನರಸೀಪುರದಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತಳಾದ ನನಗೆ ಅದನ್ನು ಓದಿದ ದಿನ ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯಲಿಲ್ಲ. ಹಾಸನಕ್ಕೆ ಬಂದು ನೋಡಿದರೆ ಆ ಕೊಠಡಿಯ ಬಾಗಿಲಲ್ಲಿ ನೂಕುನುಗ್ಗಲು. ಕೊಣನೂರಿನ ಸಂತೆ ಬಸ್ಸಿನಲ್ಲಿ ಓಡಾಡಿ ಬೆಳೆದವಳು ಏನು ಮಾಡುತ್ತಾಳೆ? ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿದೆ. ನಮ್ಮ ಅರಕಲಗೂಡು ಕಡೆ ಅಣ್ಣತಮ್ಮಂದಿರು ಗದ್ದೆಯ ಬದು ಬೇಕಾದರೆ ಒತ್ತಿಯಾರು, ಸೀಟಿನ ಮೇಲಿನ ಟವೆಲು ಮುಟ್ಟುವುದಿಲ್ಲ. ನೀವು ಮುಟ್ಟಿದಿರಿ. ಮುಟ್ಟಿ, “ವಯೋಮಿತಿ ನಲವತ್ತು ಕಣಮ್ಮಾ, ನೀವು ತಾರಸಿ ಮೇಲಿಂದ್ಲೇ ಮಂಗಳ ನೋಡಿ” ಎಂದು ನಕ್ಕಿರಿ. ಅಲ್ಲಿ ಚನ್ನರಾಯಪಟ್ಟಣದ ಹರ್ಷವರ್ಧನ್ ಎಂಬ ತರುಣನನ್ನು ಕೂರಿಸಿದಿರಿ. ಆತ ಐದು ನಿಮಿಷಕ್ಕೇ, “ಸಾ, ಇಲ್ಲಿ ಸಿಗ್ನಲ್ ಬರಲ್ವಾ?” ಎಂದು ಎದ್ದ.

ನಲವತ್ತೇ ಯಾಕೆ ಸ್ವಾಮಿ? ದಾರಿಯುದ್ದಕ್ಕೂ ವಿಕಿರಣ ಬಡಿಯುತ್ತದೆ, ಅದರಿಂದ ಕ್ಯಾನ್ಸರ್ ಬಂದರೂ ತಲೆಯೆತ್ತಲು ಎಷ್ಟೋ ವರ್ಷ ಹಿಡಿಯುತ್ತದೆ. ಇಪ್ಪತ್ತೈದರ ಹುಡುಗಿಗೆ ಅದು ನಡುವಯಸ್ಸಿಗೇ ವಕ್ಕರಿಸೀತು. ಅರವತ್ತೊಂದರ ನನ್ನನ್ನು ಹುಡುಕಿಕೊಂಡು ಬರುವ ಹೊತ್ತಿಗೆ ನಾನೇ ಇರುವುದಿಲ್ಲ. ಮೂಳೆ ಸವೆಯುತ್ತದೆ ಎಂದಿರಿ. ಆ ಕೆಲಸವನ್ನು ಮುಂಗಡವಾಗಿಯೇ ಮುಗಿಸಿಕೊಂಡು ಬಂದಿದ್ದೇನೆ. ಇಕ್ಕಟ್ಟಿನಲ್ಲಿ ಹೊಂದಿಕೊಂಡು ಬಾಳುವ ತಾಲೀಮೇ? ಒಂದೇ ಅಡುಗೆಮನೆಯಲ್ಲಿ ಅತ್ತೆಯ ಜೊತೆ ಮೂವತ್ತೈದು ವರ್ಷ ತೆಗೆದಿದ್ದೇನೆ. ಪಂಚಾಂಗ ನೋಡಿ ಹೊರಡುವ ಜನ ಎಂದು ನಮ್ಮನ್ನು ಕಂಡು ನಗುವ ನಿಮ್ಮ ರಾಕೆಟ್ಟು ಕೂಡ ಭೂಮಿ, ಮಂಗಳ ಸರಿಯಾದ ಜಾಗಕ್ಕೆ ಬರುವ ಮುಹೂರ್ತಕ್ಕಾಗಿ ಎರಡು ವರ್ಷಕ್ಕೂ ಮಿಕ್ಕಿ ಕಾಯುವುದಿಲ್ಲವೇ?

ಅಲ್ಲಿ ಸೂರ್ಯ ಮುಳುಗುವಾಗ ಆಕಾಶ ನೀಲಿಯಾಗುತ್ತದಂತೆ. ವರ್ಷವರ್ಷವೂ ಮಕ್ಕಳಿಗೆ ಹೇಳಿದ್ದೇನೆ. ಹೇಳಿ ಹೇಳಿ ಸಾಕಾಗಿದೆ, ನನಗೆ ನೋಡುವ ಆಸೆ. ನಿಮ್ಮ ಕೊಠಡಿಯಿಂದ ಅದು ಕಾಣದೆಂದು ಬಲ್ಲೆ. ಆದರೂ ಆ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟಂತಾಯಿತಲ್ಲ.

ಇಷ್ಟನ್ನೂ ಮನೆಯಲ್ಲಿ ಗಟ್ಟಿಯಾಗಿ ಓದಿದ್ದೇ ಎಡವಟ್ಟಾಯಿತು. ಅವರೆಕಾಯಿ ಸುಲಿಯುತ್ತಿದ್ದ ನನ್ನ ಅತ್ತೆ ದೊಡ್ಡತಾಯಮ್ಮನವರು ತಲೆಯೆತ್ತಿದರು. ಅವರಿಗೀಗ ಎಂಬತ್ತೆರಡು.

“ವಯಸ್ಸಾದಷ್ಟೂ ಒಳ್ಳೇದು ಅಂತೀಯೇನವ್ವ?”

“ಹೌದು ಅತ್ತೆ.”

“ಅಂಗಾರೆ ನಂಗೇ ಮೊದ್ಲು ಕೊಡ್ಬೇಕು ಕಣ. ನನ್ ಎಸ್ರೂ ಬರ್ದಾಕು.”

“ಇಬ್ರೂ ಓಗ್ಬನ್ನಿ, ಮನೆ ನಾನ್ ನೋಡ್ಕತೀನಿ” ಎಂದರು ನಮ್ಮ ಯಜಮಾನರು ದೇವರಾಜು. ಅವರ ಮುಖದಲ್ಲಿ ಅಂಥ ಕಳೆಯನ್ನು ನಮ್ಮ ಮದುವೆಯ ದಿನವೂ ನಾನು ಕಂಡಿರಲಿಲ್ಲ.

ಆದ್ದರಿಂದ ನನ್ನ ಆಗ್ರಹ ಇಷ್ಟು. ವಯೋಮಿತಿ ಕೂಡಲೇ ರದ್ದಾಗಲಿ, ನಮ್ಮ ಮನೆಗೆ ಎರಡು ಸೀಟು ಕೊಡಿ. ಒಂದೇ ಖಾಲಿಯಿದ್ದರೆ ನನಗೆ ಕೊಡಿ. ನನ್ನ ವಾದದ ಪ್ರಕಾರವೇ ಅದು ಅತ್ತೆಗೆ ಸಲ್ಲಬೇಕು, ಒಪ್ಪಿದೆ. ಆದರೆ ಅವರಿಗೆ ಈ ಹುಚ್ಚು ಹಿಡಿದದ್ದು ಮೊನ್ನೆ, ನನಗೆ ಫ್ರಾಕು ತೊಡುವ ಕಾಲದಲ್ಲೇ ಹಿಡಿದಿತ್ತು. ಪತ್ರಿಕೆಯ ಈ ಪುಟ ಅವರ ಕೈಗೆ ಸಿಗದಂತೆ ನಾನು ನೋಡಿಕೊಳ್ಳುತ್ತೇನೆ, ಉಳಿದದ್ದನ್ನು ನೀವು ನೋಡಿಕೊಳ್ಳಿ.

ಇಂತಿ,
ಅಭ್ಯರ್ಥಿಯೂ, ಏನು ಮಾಡಲಿ, ಸೊಸೆಯೂ ಆದ
ಯಶೋಧರಾ
ಅರಕಲಗೂಡು