ಬೂಷ್ಟು ತೊಳೆದ ಅಳಿಯ

ಸೋಲ್ಮೆ ಹಳ್ಳಿ, ಗೊಕ್ಸಂಗ್
ಜನವರಿ ೧೪

ಪ್ರೀತಿಯ ಸೊನ್‌ಹ್ವಾ,

ನಿನ್ನ ಕೆಮ್ಮು ಹೇಗಿದೆ? ಶುಂಠಿ ಚಹಾ ಕುಡಿಯುತ್ತಿದ್ದೀಯೋ, ಇಲ್ಲ ಮೂರು ಹೊತ್ತೂ ಕಾಫಿಯೇ ನಡೆದಿದೆಯೋ? ನಾನು ಚೆನ್ನಾಗಿದ್ದೇನೆ. ನಮ್ಮ ತಂಡದ ಡುಹ್ವಾನ್, ಪಿಲ್ಸು ಇಬ್ಬರೂ ಹೇಗೋ ಬದುಕಿದ್ದಾರೆ. ಫೋನು ಬಿಟ್ಟು ಕಾಗದ ಬರೆದಿದ್ದಕ್ಕೆ ನಗಬೇಡ. ಫೋನಿನಲ್ಲಿ ನಿನ್ನ ಅಮ್ಮನ ಸುದ್ದಿ ಎತ್ತಿದ ಕೂಡಲೇ ನಿನ್ನ ಒಲೆಯ ಮೇಲೆ ಏನಾದರೊಂದು ಉಕ್ಕಿಬಿಡುತ್ತದೆ. ಕಾಗದವಾದರೆ ಹರಿದುಹಾಕುವ ಮೊದಲು ನಾಲ್ಕು ಸಾಲಾದರೂ ಓದುತ್ತೀಯ.

ಸಿಯೋಲಿನ ನೆಲಮಾಳಿಗೆಯ ತಾಲೀಮು ಕೋಣೆ ಕೈಬಿಟ್ಟುಹೋಗಿ ನಾವು ಮೂವರೂ ವಾದ್ಯ ಹೊತ್ತುಕೊಂಡು ಇಲ್ಲಿಗೆ, ನಿನ್ನ ಅಮ್ಮನ ಮನೆಗೆ ಹೊರಟ ದಿನ ನೀನು ಕೇಳಿದ್ದೆ, "ಡ್ರಮ್ ಬಡಿಯೋನಿಗೆ ಮಗಳನ್ನ ಕೊಡಲ್ಲ ಅಂತ ಮದುವೆಗೇ ಬರಲಿಲ್ಲ ಅವಳು. ಅವಳ ಮನೇಲಿ ನಿಂಗೆ ಅನ್ನ ಹೇಗೆ ಗಂಟಲಲ್ಲಿ ಇಳಿಯುತ್ತೆ?" ನಿಜ ಹೇಳಲೇ? ಸಲೀಸಾಗಿ ಇಳಿಯುತ್ತಿದೆ. ಬಂದ ದಿನವೇ ಅತ್ತೆ ಕೋಳಿ ಕೊಯ್ದು ಕಾಲು ನನ್ನ ಬಟ್ಟಲಿಗೆ ಹಾಕಿದರು. ಹಾಕಿ, "ತಿನ್ನಿ ಅಳಿಯಂದ್ರೇ, ನಾಳೆ ಮೂಲಂಗಿ ಕೀಳೋದಿದೆ" ಎಂದರು. ಗಿಟಾರಿನ ಬೆರಳು ಕೆಡುತ್ತದೆಂದು ಡುಹ್ವಾನ್ ಚರ್ಮದ ಕೈಗವಸು ತೊಟ್ಟು ಹೊಲಕ್ಕಿಳಿದ. ಪಕ್ಕದ ಮನೆಯ ಮಾಲ್ಸೂನಜ್ಜಿ ನೋಡಿ, "ಮೂಲಂಗಿ ಕಚ್ಚಲ್ಲ ಕಣಪ್ಪಾ, ಹೆದರ್ಬೇಡ" ಎಂದು ಬಿದ್ದು ಬಿದ್ದು ನಕ್ಕರು.

ಈಗ ನಮ್ಮ ಘನಕಾರ್ಯಕ್ಕೆ ಬರುತ್ತೇನೆ. ಹಿತ್ತಲ ಕಡೆಯ ಬೆಚ್ಚನೆಯ ಕೋಣೆಯಲ್ಲಿ ನಮ್ಮ ತಾಲೀಮು. ಅದರ ತೊಲೆಗೆ ಸೋಯಾ ಕಾಳು ಬೇಯಿಸಿ, ಕುಟ್ಟಿ, ತಟ್ಟಿದ ಹನ್ನೆರಡು ಅಚ್ಚುಗಳನ್ನು ಅತ್ತೆ ಹುಲ್ಲಿನ ಹಗ್ಗದಲ್ಲಿ ನೇತುಹಾಕಿದ್ದರು. ನಾರುತ್ತಿದ್ದವು, ಆದರೆ ಗೋಡೆಯ ಪ್ರತಿಧ್ವನಿಯನ್ನೆಲ್ಲ ನುಂಗಿಕೊಳ್ಳುತ್ತಿದ್ದವು, ಹಾಗಾಗಿ ನಾವೂ ಮೂಗು ಮುಚ್ಚಿಕೊಂಡು ನುಡಿಸುತ್ತಿದ್ದೆವು. ಕಳೆದ ಮಂಗಳವಾರ ಅತ್ತೆ ಮಂಡಿನೋವಿಗೆ ಸೂಜಿ ಚುಚ್ಚಿಸಿಕೊಳ್ಳಲು ಪೇಟೆಗೆ ಹೋಗಿದ್ದರು. ಪಿಲ್ಸು ತಲೆಯೆತ್ತಿ ನೋಡಿ, "ಅಯ್ಯೋ, ಎಲ್ಲಾ ಬೂಷ್ಟು ಹಿಡಿದುಹೋಗಿದೆಯಲ್ಲೋ!" ಎಂದ. ಪಾಪ, ಮುದುಕಿಗೆ ಕಣ್ಣು ಕಾಣುವುದಿಲ್ಲ, ನಾವಾದರೂ ಸಹಾಯ ಮಾಡೋಣ ಎಂದು ಪಾತ್ರೆ ತೊಳೆಯುವ ಸೋಪು ಹಾಕಿ, ಬ್ರಷ್ಷಿನಲ್ಲಿ ಗಸಗಸ ಉಜ್ಜಿ, ಹನ್ನೆರಡನ್ನೂ ಬಿಸಿಲಿಗೆ ಸಾಲಾಗಿ ಇಟ್ಟೆವು. ಆ ಅಚ್ಚುಗಳಿಂದಲೇ ಮಾಡುವ ದೆನ್‌ಜಾಂಗ್ ಗೊಜ್ಜಿಗೆ ಆ ಬೂಷ್ಟಿಲ್ಲದೆ ರುಚಿಯೇ ಹುಟ್ಟುವುದಿಲ್ಲವೆಂದು ಅಂಗಡಿಯ ಡಬ್ಬಿಯಲ್ಲಷ್ಟೇ ದೆನ್‌ಜಾಂಗ್ ಕಂಡ ನನಗೆ ಹೇಗೆ ಗೊತ್ತಾಗಬೇಕು? ಅತ್ತೆ ಬಂದವರು ಅಂಗಳದಲ್ಲಿ ನಿಂತು, "ನನ್ನ ಬೂಷ್ಟೆಲ್ಲಿ?" ಎಂದು ಮೆಲ್ಲಗೆ ಕೇಳಿದರು. ನಾನು ಹಲ್ಲು ಕಿರಿದು, "ಎಲ್ಲಾ ತೆಗೆದಿದ್ದೀವಿ ಅತ್ತೆ!" ಎಂದೆ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಒಂದು ಅಚ್ಚನ್ನೆತ್ತಿ ಮೂಸಿ, "ನಿಂಬೆಹಣ್ಣಿನ ವಾಸನೆ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಮಗೆ ರಾತ್ರಿಯ ಊಟ ಮಾತ್ರ ತಪ್ಪಿಸಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಮರುದಿನ ಬೆಳಿಗ್ಗೆ ಊರಿನ ಮುಖಂಡರು ಮೈಕಿನಲ್ಲಿ ದಿನದ ಸುದ್ದಿಯ ಜೊತೆಗೆ ನಮ್ಮದನ್ನೂ ಸಾರಿದರು: "ಸಿಯೋಲಿನ ವಾದ್ಯದೋರು ಸೋಪು ಹಿಡ್ಕೊಂಡು ಓಡಾಡ್ತಿದ್ದಾರೆ. ನಿಮ್ಮ ನಿಮ್ಮ ಅಚ್ಚು ಜೋಪಾನ!" ಬೆಟ್ಟದ ಆಚೆಗೂ ಕೇಳಿಸಿರಬೇಕು. ಆದರೆ ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರೇ ಬರತೊಡಗಿದರು. ಕೈಯಲ್ಲಿ ತಮ್ಮ ಮನೆಯದೊಂದು ಅಚ್ಚು, ಬಾಯಲ್ಲಿ ನಮಗೊಂದು ಕುಹಕ. ಸಂಜೆಗೆ ಹದಿಮೂರಾದವು. ನಾಚಿಕೆಯಿಂದ ನನ್ನ ಕಣ್ಣು ತುಂಬಿ ಬಂತು. ಒಬ್ಬ ಹೆಂಗಸಿಗೆ ಇಷ್ಟೊಂದು ಯಾಕೆ ಬೇಕು ಎಂದು ಮಾಲ್ಸೂನಜ್ಜಿಯನ್ನು ಕೇಳಿದೆ. "ಅರ್ಧ ಮಗಳದಲ್ವೇನೋ, ದಡ್ಡ" ಎಂದು ನನ್ನನ್ನು ಅತ್ತೆಯ ಮನೆಯ ಹಿಂದಕ್ಕೆ ಕರೆದೊಯ್ದರು. ಅಲ್ಲಿ ದೆನ್‌ಜಾಂಗಿನ ಮೂರು ಜಾಡಿ, ನಮ್ಮ ಮದುವೆಯಾದಂದಿನಿಂದ ವರ್ಷಕ್ಕೊಂದರಂತೆ, ಬಾಯಿಗೆ ಬಟ್ಟೆ ಕಟ್ಟಿಟ್ಟಿದ್ದವು. ಒಂದನ್ನೂ ತೆರೆದಿಲ್ಲ. ಯಾಕೆ ಕಳಿಸಲಿಲ್ಲ ಎಂದು ಅತ್ತೆಯನ್ನೇ ಕೇಳಿಬಿಟ್ಟೆ. "ವಾಪಸ್ ಬಂದ್ರೆ?" ಎಂದರು, ಅಷ್ಟೇ.

ಸೊನ್‌ಹ್ವಾ, ಅವರು ಮಾಡಿದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಮದುವೆಯ ದಿನ ಆ ಖಾಲಿ ಕುರ್ಚಿಯನ್ನು ನೀನು ಎಷ್ಟು ಸಲ ತಿರುಗಿ ನೋಡಿದೆ ಎಂದು ನನಗೆ ಗೊತ್ತು. ನಿನ್ನ ಸಿಟ್ಟಿನಲ್ಲಿ ಪಾಲು ಕೇಳಲು ನನಗೆ ಹಕ್ಕಿಲ್ಲ, ಬಿಟ್ಟುಬಿಡು ಎನ್ನಲಂತೂ ಇಲ್ಲವೇ ಇಲ್ಲ. ಕಂಡದ್ದನ್ನು ಮುಚ್ಚಿಟ್ಟುಕೊಂಡರೆ ಅನ್ನ ಇಳಿಯದು ಎನ್ನಿಸಿತು, ಅದಕ್ಕೇ ಬರೆದೆ.

ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಹೊರಗೆ ಹೋಗು, ಹೊತ್ತಿಗೆ ಸರಿಯಾಗಿ ಉಣ್ಣು. ಡುಹ್ವಾನ್, ಪಿಲ್ಸು ನಿನ್ನನ್ನು ಕೇಳಿದ್ದಾರೆ.

ನಿನ್ನವನೇ ಆದ
ಮಾನ್‌ಸಿಕ್

ಇನ್ನೊಂದು ಮಾತು: ಲಕೋಟೆ ಅಂಟಿಸಿದ್ದೆ, ಅತ್ತೆ ಬಿಚ್ಚಿಸಿದರು. ಬರುವ ವಾರ ಶನಿವಾರದ ರೈಲಿಗೆ ಒಬ್ಬರೇ ಅಲ್ಲಿಗೆ ಬರುತ್ತಾರಂತೆ. ನಾನು ಜೊತೆಗೆ ಬರಬಾರದಂತೆ. ನಮ್ಮದು ಎಷ್ಟನೇ ಮಹಡಿ ಎಂದು ಕೇಳಿದರು, ಹೇಳಿದೆ. ಆಮೇಲೆ, "ಅವಳು ಬಾಗಿಲು ತೆಗೀದಿದ್ರೆ ಕೂತ್ಕೊಳ್ಳೋಕೆ ಹೊರಗೆ ಬೆಂಚಿದೆಯಾ?" ಎಂದರು. ಇದೆ ಎಂದುಬಿಟ್ಟೆ. ಇಲ್ಲವೆಂದು ನಿನಗೆ ಗೊತ್ತಲ್ಲ.