ನೇತ್ರಾವತಿಯ ನಲವತ್ತು ಪಾಠ

೮ ಮೇ ೨೦೨೫, ಗುರುವಾರ, ತುಮಕೂರು

ಕೊಟ್ಟ ಮಾತು: ಆನ್‌ಲೈನ್ ಪಾಠ ಕಟ್ಟುವ ಮುಕ್ತ ತಂತ್ರಾಂಶದಲ್ಲಿ ಕನ್ನಡದ ಕೆಲಸ ಮಾಡಿದ ಪ್ರತಿಯೊಬ್ಬರ ಹೆಸರೂ ನಮ್ಮ ಬಳಗದ ಸುದ್ದಿಪತ್ರದಲ್ಲಿ ಬರುತ್ತದೆ. ತಪ್ಪಿಸಿದ್ದು: ಅದರಲ್ಲಿ ನಲವತ್ತು ಪಾಠ ಕಟ್ಟಿದ ಗೂಳೂರಿನ ಅತಿಥಿ ಶಿಕ್ಷಕಿ ನೇತ್ರಾವತಿಯ ಹೆಸರು. ತಪ್ಪಿಸಿದವನು ನಾನೇ.

ಮೂವತ್ತು ವರ್ಷ ಕರಪತ್ರ ಬರೆದ ಕೈ ಇದು. ಕೆಳಗೆ ಸಂಘಟನೆಯ ಹೆಸರು ಮಾತ್ರ ಹಾಕಿ ಅಭ್ಯಾಸ. ಅದೇ ಗುಂಗಿನಲ್ಲಿ ‘ಇದು ಬಳಗದ ದುಡಿಮೆ’ ಎಂದು ಬರೆದು ಎಲ್ಲರ ಹೆಸರನ್ನೂ ತೆಗೆದೆ. ಸಂಪಾದಕ ಎಂದು ನನ್ನದೊಂದನ್ನು ಉಳಿಸಿಕೊಂಡೆ. ನಾಚಿಕೆಗೇಡು!

ಸಂಜೆ ಆಕೆಯ ಫೋನು ಬಂತು. "ಬುಡಿ ಸಾರ್, ನಿಮ್ ಹೆಸ್ರಾದ್ರೂ ಬಂತಲ್ಲ" ಎಂದು ನಕ್ಕಳು. ಆಮೇಲೆ ಮೆಲ್ಲಗೆ, "ಈ ವರ್ಷನೂ ಕೆಲ್ಸಕ್ಕೆ ತಗೊಳ್ಳಿ ಅಂತ ಹೆಡ್‌ಮಾಸ್ಟ್ರಿಗೆ ತೋರ್ಸೋಣ ಅಂತಿದ್ದೆ. ಈಗ ಬರೀ ಬಾಯ್ಮಾತ್ನಾಗೆ ನಂದು ಅಂದ್ರೆ ಯಾರ್ ನಂಬ್ತಾರೆ?" ಎಂದಳು.

ದುಡಿದವರ ಹೆಸರು ನುಂಗುವವರ ವಿರುದ್ಧ ಮೂವತ್ತು ವರ್ಷ ಕೂಗಿದವನು ನಾನು.

ತಿದ್ದುಪಡಿ ಅಚ್ಚು ಹಾಕಿದರೆ ಸಾಲದು. ಬಳಗದ ಸಭೆಯಲ್ಲಿ ಎಲ್ಲರೆದುರು ನಿಂತು ತಪ್ಪು ಒಪ್ಪಿಕೊಳ್ಳಬೇಕು. ಆಮೇಲೆ ಹೆಡ್‌ಮಾಸ್ಟರರ ಬಳಿಗೆ ನಾನೇ ಹೋಗಬೇಕು. ನನ್ನ ತಪ್ಪೊಪ್ಪಿಗೆ ಕೇಳುವುದಕ್ಕೆ ಆಕೆ ಬರುತ್ತಾಳೋ ಇಲ್ಲವೋ. ಸಭೆ ಗುಬ್ಬಿಯಲ್ಲಿ, ಭಾನುವಾರ, ಬೆಳಿಗ್ಗೆ ಹತ್ತೂವರೆಗೆ.