ಕುಂಕುಮವಿಲ್ಲದ ಮಡಿಲಕ್ಕಿ

ಅರಕೆರೆ
೧೨-೧೧-೧೯೯೬

ಚಿ. ಸೌ. ಪವಿತ್ರಳಿಗೆ ನಿನ್ನವ್ವ ಮಾಡುವ ಆಶೀರ್ವಾದ.

ಕೆ.ಆರ್. ಪೇಟೆಗೆ ನಿಮ್ಮ ಮನೆಗೆ ಬಂದು ಹೋದವಳು ಇಷ್ಟು ದಿನ ಕಾಗದ ಹಾಕಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಸಿಟ್ಟಿತ್ತು. ಬಸುರಿಗೆ ಸಿಟ್ಟಿನಲ್ಲಿ ಬರೆಯಬಾರದು ಅಂತ ಸುಮ್ಮನಿದ್ದೆ. ಇಲ್ಲಿ ಎಮ್ಮೆ ಕ್ಷೇಮ, ನಿಮ್ಮಪ್ಪನೂ ಕ್ಷೇಮ. ನಾನು ಯೇಸುಸ್ವಾಮಿಯನ್ನು ನಂಬಿದಾಗಿನಿಂದ ಅವರು ಮಾತು ಬಿಟ್ಟಿದ್ದಾರಲ್ಲ, ನಾನು ಕಟ್ಟಿದ ಮುದ್ದೆ ಮಾತ್ರ ಬಿಟ್ಟಿಲ್ಲ. ಏನಾದರೂ ಬೇಕಿದ್ದರೆ ಎಮ್ಮೆಗೆ ಹೇಳುತ್ತಾರೆ: "ನೀರ್ ಕಾಯ್ಸಕ್ಕೇಳು ಅವ್ಳ್ಗೆ."

ಭಾನುವಾರ ಪ್ರಾರ್ಥನೆಗೆ ಶ್ರೀರಂಗಪಟ್ಟಣದ ಬಸ್ಸು ಹತ್ತುವಾಗ ಪಕ್ಕದ ಮನೆ ದಾಸಯ್ಯನ ಹೆಂಡತಿ ಮುಖ ತಿರುಗಿಸುತ್ತಾಳೆ. ಇಡೀ ಬೀದಿಯಲ್ಲಿ ನನ್ನನ್ನು ಮಾತಾಡಿಸುವವರೇ ಇಲ್ಲ.

ನಿನ್ನ ಚೊಚ್ಚಲ ಬಾಣಂತನ ಮಾಡುವ ಆಸೆಯಿಂದ ಬಂದಿದ್ದೆ. ನಮ್ಮ ಗದ್ದೆಯ ಅಕ್ಕಿಯನ್ನೇ ಕೇರಿ, ಬೆಲ್ಲ, ಕೊಬ್ಬರಿ ಇಟ್ಟು ಮಡಿಲಕ್ಕಿ ಕಟ್ಟಿದ್ದೆ. ಅರಿಶಿನ ಕುಂಕುಮ ಇಟ್ಟಿರಲಿಲ್ಲ. ಅವ್ವ ಕೊಟ್ಟಿದ್ದು ಅಂತ ಒಪ್ಪಿಕೊಳ್ಳುತ್ತಾರೆ ಅಂದುಕೊಂಡೆ, ನನ್ನ ದಡ್ಡತನ. ನಿಮ್ಮತ್ತೆ ಬೈರಮ್ಮನವರು ಗಂಟು ಬಿಚ್ಚಿ ನೋಡಿ, "ಕುಂಕುಮ ಇಲ್ದಿದ್ ಮಡ್ಲಕ್ಕಿಗೆ ಯಾವ್ ಬಸ್ರಿ ಸೆರಗೊಡ್ತಾಳೆ ಬೀಗ್ತಿ?" ಅಂದರು. ಒಳಗೆ ಹೋಗಿ ಬಂದು ಕುಂಕುಮದ ತಟ್ಟೆ ಮುಂದಿಟ್ಟರು. "ಒಂದ್ ಬೊಟ್ಟಿಟ್ಕಂಡು, ಮಾರಮ್ಮಂಗೆ ಕೈ ಮುಗ್ದ್‌ಬುಟ್ಟು ಮಗಳ್ನ ಕರ್ಕೊಂಡೋಗಿ."

ಬೆರಳು ಅದ್ದಿದ್ದರೆ ಸಾಕಿತ್ತು, ನೀನೀಗ ಇಲ್ಲಿರುತ್ತಿದ್ದೆ. ಕೈ ಏಳಲಿಲ್ಲ ಮಗ. ನಿನ್ನ ತಮ್ಮ ತೀರಿಕೊಂಡ ವರ್ಷ ಬಾವಿಕಟ್ಟೆ ಮೇಲೆ ನಿಂತಿದ್ದವಳನ್ನು ಮನೆಗೆ ತಿರುಗಿಸಿ ಕಳಿಸಿದವನು ಆ ಸ್ವಾಮಿ. ಅವನ ಮುಂದೆ ಸುಳ್ಳುಬೊಟ್ಟು ಹೇಗೆ ಇಟ್ಟುಕೊಳ್ಳಲಿ? ಮಗಳ ಮುಖವನ್ನಾದರೂ ತೋರಿಸಿ ಅಂತ ಬೇಡಿಕೊಂಡೆ. ಬೈರಮ್ಮನವರು ತಲೆ ತಗ್ಗಿಸಿಕೊಂಡು, "ಬ್ಯಾಡ ಬೀಗ್ತಿ, ವೊಂಟೋಗಿ" ಅಂದರು.

ಬಸ್ಸಿನಲ್ಲಿ ಅತ್ತುಕೊಂಡೇ ಬಂದೆ. ಸ್ವಾಮಿಯನ್ನೂ ಬೈದೆ. ಬೈದು, ನಿನ್ನನ್ನು ಅವನ ಕೈಗೇ ಒಪ್ಪಿಸಿದೆ. ಬೇರೆ ಯಾರಿದ್ದಾರೆ ನನಗೆ.

ನೀರಿನ ಬಿಂದಿಗೆ ಎತ್ತಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಸುಖವಾಗಿ ಹೆತ್ತು, ಮಗುವನ್ನು ಎತ್ತಿಕೊಂಡು ನೂರು ಕಾಲ ಬಾಳು ತಾಯಿ. ನಿಮ್ಮತ್ತೆಯ ಮೇಲೆ ಸಿಟ್ಟಾಗಬೇಡ, ಅವರ ತಪ್ಪಿಲ್ಲ.

ಇಂತಿ ನಿನ್ನವ್ವ,
ಪುಟ್ಟಲಕ್ಷ್ಮಮ್ಮ

ಮರೆತ ಮಾತು: ಅವತ್ತು ನಿಮ್ಮ ಅಡುಗೆಮನೆ ಕಿಟಕಿ ತೆಗೆದಿತ್ತು. ನಿಮ್ಮತ್ತೆ ಒಳಗೆ ಬಂದು, "ಓಗ್ಲಿ ಬುಡು, ಎತ್ತವ್ವ ಅಲ್ವಾ, ಓಗ್ಬುಟ್ಟು ಬಾ" ಅಂದರು. "ಬೊಟ್ಟಿಡೋಗಂಟ ಅವ್ಳು ನಂಗೆ ಅವ್ವನೇ ಅಲ್ಲ, ಅಂಗಂತ ಏಳಿ" ಅಂದವಳು ನೀನು. ನಿನ್ನ ದನಿ ಕೇಳಿ ಎಷ್ಟೋ ತಿಂಗಳಾಗಿತ್ತು. ಅದೇ ಕೇಳಿಸಿತು.